ವಿಡಿಯೊ ಭಂಡಾರದಲ್ಲಿ ಹುಡುಕಾಟ: ಯಂತ್ರದ ಕಣ್ಣಿಗೆ ಕಂಡದ್ದೇನು, ಕಾಣದ್ದೇನು?

ಗ್ರಂಥವೊಂದರಲ್ಲಿ ಬೇಕಾದ ವಿಷಯವು ಯಾವ ಪುಟದಲ್ಲಿದೆಯೆಂದು ತಿಳಿಯಬೇಕಾದರೆ ನಾವು ಪರಿವಿಡಿಯನ್ನು ನೋಡುತ್ತೇವೆ. ಗ್ರಂಥವು ವಿದ್ವತ್ಪೂರ್ಣವಾಗಿದ್ದರೆ ಕೊನೆಯಲ್ಲಿ ಅಕಾರಾದಿ ಸೂಚಿಯೂ ಇರುತ್ತದೆ. ಆದರೆ ಮೂರು ಗಂಟೆಗಳ ಮದುವೆಯ ವಿಡಿಯೊದಲ್ಲಿ ಅಜ್ಜಿಯವರು ಮೊಮ್ಮಗಳಿಗೆ ಉಡಿ ತುಂಬುವ ಅರ್ಧ ನಿಮಿಷದ ದೃಶ್ಯ ಎಲ್ಲಿದೆಯೆಂದು ತಿಳಿಯುವ ಬಗೆ ಹೇಗೆ? ಅದಕ್ಕೆ ಪರಿವಿಡಿಯಿಲ್ಲ, ಪುಟಸಂಖ್ಯೆಯಿಲ್ಲ. ಮುಂದೆ ಓಡಿಸಿ, ಹಿಂದೆ ಓಡಿಸಿ, ಕಣ್ಣು ನೋಯುವವರೆಗೆ ನೋಡುವುದೊಂದೇ ದಾರಿ. ನಮ್ಮ ದೇಶದ ದೂರದರ್ಶನ ಪದ್ಧತಿಯಂತೆ ಸೆಕೆಂಡಿಗೆ 25 ಚಿತ್ರಗಳೆಂದು ಲೆಕ್ಕ ಹಿಡಿದರೆ ಒಂದು ಗಂಟೆಗೆ 90,000, ಮೂರು ಗಂಟೆಗೆ 2,70,000 ಚಿತ್ರಗಳಾಗುತ್ತವೆ. ಅವುಗಳಲ್ಲಿ ಒಂದರ ಮೇಲೂ ಅಜ್ಜಿಯವರ ಹೆಸರು ಬರೆದಿರುವುದಿಲ್ಲ.

ಒಂದು ಕುಟುಂಬದ ಒಂದು ಕ್ಯಾಸೆಟ್ಟಿನ ಪಾಡು ಹೀಗಾದರೆ, ದಿನವಿಡೀ ಪ್ರಸಾರ ಮಾಡುವ ದೂರದರ್ಶನ ಸಂಸ್ಥೆಗಳ ಭಂಡಾರಗಳ ಪಾಡನ್ನು ಓದುಗರೇ ಊಹಿಸಬಹುದು. ಅಲ್ಲಿ ಇರುವುದೆಲ್ಲವೂ ಇದೆ, ಬೇಕಾದಾಗ ಸಿಗದು. ಸಿಗದ ವಸ್ತುವಿಗೂ ಇಲ್ಲದ ವಸ್ತುವಿಗೂ ವ್ಯವಹಾರದಲ್ಲಿ ಹೆಚ್ಚಿನ ಭೇದವೇನೂ ಇಲ್ಲ. ಆದ್ದರಿಂದಲೇ ಗಣಕಯಂತ್ರಗಳು ಚಿತ್ರಗಳನ್ನು ಅಂಕೆಗಳ ರೂಪದಲ್ಲಿ ಇಟ್ಟುಕೊಳ್ಳಲು ಕಲಿತ ಕೂಡಲೆ ವಿಜ್ಞಾನಿಗಳಲ್ಲಿ ಒಂದು ಪ್ರಶ್ನೆ ಹುಟ್ಟಿತು: ಯಾರೂ ಹೆಸರು ಬರೆದಿಡದಿದ್ದರೂ ಯಂತ್ರವು ತಾನಾಗಿ ಚಿತ್ರವನ್ನು ನೋಡಿ, ಅದರಲ್ಲಿ ಏನಿದೆಯೆಂಬುದರ ಮೇಲಿಂದಲೇ ಹುಡುಕಿಕೊಡಲಾರದೇ? ಕಳೆದ ಮೂರೂವರೆ ದಶಕಗಳಿಂದ ಈ ಪ್ರಶ್ನೆಗೆ ದೊರೆಯುತ್ತ ಬಂದಿರುವ ಉತ್ತರಗಳು ಸ್ವಾರಸ್ಯಕರವಾಗಿವೆ. ನಮ್ಮ ಮನೆಗಳಿಗೂ ಸಂಬಂಧಪಟ್ಟಿವೆ.

ಬಣ್ಣದ ಲೆಕ್ಕದಿಂದ ಆರಂಭ

ಮೊದಲ ಕೆಲಸವೆಂದರೆ ಉದ್ದನೆಯ ವಿಡಿಯೊವನ್ನು ತುಂಡುಗಳನ್ನಾಗಿ ವಿಂಗಡಿಸುವುದು. ಕ್ಯಾಮೆರಾ ಒಮ್ಮೆ ಆರಂಭವಾಗಿ ನಿಲ್ಲುವವರೆಗಿನ ಭಾಗಕ್ಕೆ ಶಾಟ್ ಎನ್ನುತ್ತಾರೆ. ಒಂದು ಶಾಟ್ ಮುಗಿದು ಇನ್ನೊಂದು ಆರಂಭವಾಗುವಾಗ ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಇರುವ ವ್ಯತ್ಯಾಸ ಒಮ್ಮೆಲೇ ಹೆಚ್ಚುತ್ತದೆ. ಯಂತ್ರವು ಆ ಜಿಗಿತವನ್ನು ಗುರುತಿಸಿ ಅಲ್ಲೊಂದು ಗೆರೆ ಎಳೆಯುತ್ತದೆ. ಪ್ರತಿಯೊಂದು ತುಂಡಿನಿಂದ ಒಂದೊಂದು ಚಿತ್ರವನ್ನು ಪ್ರತಿನಿಧಿಯಾಗಿ ಆರಿಸಿಡುತ್ತದೆ. ಸರಳವೆಂದು ತೋರುವ ಈ ಕೆಲಸದಲ್ಲಿಯೂ ತೊಡಕುಗಳಿವೆ. ಒಂದು ದೃಶ್ಯವು ಮೆಲ್ಲಮೆಲ್ಲನೆ ಕರಗಿ ಇನ್ನೊಂದಾಗುವಲ್ಲಿ ಜಿಗಿತವೇ ಇರುವುದಿಲ್ಲ. ಅದಕ್ಕೆ ವಿರುದ್ಧವಾಗಿ, ಛಾಯಾಗ್ರಾಹಕರ ಫ್ಲಾಶ್ ಬೆಳಕು ಮಿಂಚಿದಾಗಲೆಲ್ಲ ಹೊಸ ದೃಶ್ಯವೇ ಬಂದಿತೆಂದು ಆರಂಭದ ಯಂತ್ರಗಳು ಭ್ರಮಿಸುತ್ತಿದ್ದವು. ನಮ್ಮ ಮದುವೆ ಮಂಟಪಗಳಲ್ಲಿ ಅವುಗಳ ಗತಿ ಏನಾಗುತ್ತಿತ್ತೋ!

ಆಮೇಲಿನದು ಹೋಲಿಕೆಯ ಕೆಲಸ. 1991ರಲ್ಲಿ ಅಮೆರಿಕದ ಮೈಕೆಲ್ ಸ್ವೇನ್ ಮತ್ತು ಡಾನಾ ಬ್ಯಾಲರ್ಡ್ ಎಂಬ ವಿಜ್ಞಾನಿಗಳು ಬಣ್ಣಗಳ ಪ್ರಮಾಣದಿಂದಲೇ ವಸ್ತುಗಳನ್ನು ಗುರುತಿಸುವ ವಿಧಾನವೊಂದನ್ನು ಪ್ರಕಟಿಸಿದರು. ರಂಗೋಲಿಯನ್ನು ಅಳಿಸಿ, ಅದರ ಪುಡಿಯನ್ನು ಬಣ್ಣಬಣ್ಣವಾಗಿ ಬೇರ್ಪಡಿಸಿ, ಕೆಂಪು ಇಷ್ಟು, ಹಳದಿ ಇಷ್ಟು, ಹಸಿರು ಇಷ್ಟು ಎಂದು ತೂಗಿದರೆ ಹೇಗೋ ಹಾಗೆ. ವಸ್ತುವು ಸ್ವಲ್ಪ ತಿರುಗಿದ್ದರೂ ಸರಿದಿದ್ದರೂ ಈ ತೂಕ ಬಹಳ ಬದಲಾಗುವುದಿಲ್ಲವೆಂಬುದೇ ಈ ವಿಧಾನದ ಬಲ. ರಂಗೋಲಿ ಕಮಲವಾಗಿತ್ತೇ ನವಿಲಾಗಿತ್ತೇ ಎಂಬುದು ತೂಕದಿಂದ ತಿಳಿಯುವುದಿಲ್ಲವೆಂಬುದೇ ಅದರ ದೌರ್ಬಲ್ಯ.

ಇದೇ ಕಾಲದಲ್ಲಿ ಐಬಿಎಂ ಸಂಸ್ಥೆಯು ಕ್ಯಾಲಿಫೋರ್ನಿಯಾದ ಆಲ್ಮಡೆನ್ ಪ್ರಯೋಗಶಾಲೆಯಲ್ಲಿ ಬಣ್ಣ, ಮೈವಳಿಕೆ, ಆಕಾರಗಳ ಮೂಲಕ ಚಿತ್ರಗಳನ್ನೂ ವಿಡಿಯೊಗಳನ್ನೂ ಹುಡುಕುವ ಕ್ಯೂಬಿಕ್ ಎಂಬ ವ್ಯವಸ್ಥೆಯನ್ನು ರೂಪಿಸಿತು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಹರ್ಮಿಟೇಜ್ ವಸ್ತುಸಂಗ್ರಹಾಲಯದ ಅಂತರಜಾಲ ತಾಣದಲ್ಲಿ ಅದನ್ನು ಅಳವಡಿಸಲಾಗಿತ್ತು. ವರ್ಣಚಿತ್ರದ ಹೆಸರಾಗಲಿ ಚಿತ್ರಕಾರನ ಹೆಸರಾಗಲಿ ಗೊತ್ತಿಲ್ಲದವರು ಮೇಲೆ ನೀಲಿ, ಕೆಳಗೆ ಹಸಿರು ಎಂದು ತೆರೆಯ ಮೇಲೆ ಬಳಿದು ತೋರಿಸಿದರೆ ಅಂಥ ಚಿತ್ರಗಳು ಎದುರು ಬಂದು ನಿಲ್ಲುತ್ತಿದ್ದವು. ಕಲಾಪ್ರೇಮಿಗಳಿಗೆ ಇದು ವಿನೋದವೂ ಹೌದು, ಉಪಯೋಗವೂ ಹೌದು. ಆದರೆ ಸಂಜೆಯ ಸೂರ್ಯನನ್ನು ಕೇಳಿದರೆ ಬಟ್ಟಲು ತುಂಬ ಕಿತ್ತಳೆ ಹಣ್ಣುಗಳನ್ನು ತಂದು ತೋರಿಸುವ ಸಾಧ್ಯತೆ ಈ ಬಗೆಯ ಹುಡುಕಾಟಕ್ಕೆ ಅಂಟಿಕೊಂಡೇ ಇತ್ತು. ಯಂತ್ರವು ತನ್ನ ಮಟ್ಟಿಗೆ ತಪ್ಪು ಮಾಡಿರಲಿಲ್ಲ; ಎರಡೂ ಕಿತ್ತಳೆ ಬಣ್ಣವೇ. ಯಂತ್ರವು ಅಳೆಯುವುದಕ್ಕೂ ಮನುಷ್ಯನು ಉದ್ದೇಶಿಸುವುದಕ್ಕೂ ನಡುವೆ ಇರುವ ಈ ಕಂದರಕ್ಕೆ ವಿಜ್ಞಾನಿಗಳು ‘ಅರ್ಥದ ಅಂತರ’ ಎಂಬರ್ಥದ ಹೆಸರನ್ನಿಟ್ಟರು. ಆಮ್‌ಸ್ಟರ್‌ಡ್ಯಾಮಿನ ಆರ್ನಲ್ಡ್ ಸ್ಮೋಲ್ಡರ್ಸ್ ಮತ್ತು ಸಂಗಡಿಗರು 2000ದಲ್ಲಿ ಬರೆದ ವಿಮರ್ಶಾತ್ಮಕ ಪ್ರಬಂಧದಿಂದ ಆ ಹೆಸರು ಎಲ್ಲೆಡೆ ಬಳಕೆಗೆ ಬಂದಿತು.

ಕಣ್ಣಿಗಿಂತ ಕಿವಿ ಮುಂದಾದ ಸಂಗತಿ

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಇನ್ಫರ್ಮೀಡಿಯ ಎಂಬ ಡಿಜಿಟಲ್ ವಿಡಿಯೊ ಗ್ರಂಥಾಲಯದ ಯೋಜನೆಯು ಹವರ್ಡ್ ವ್ಯಾಕ್ಟ್ಲರ್ ಅವರ ನೇತೃತ್ವದಲ್ಲಿ ಆರಂಭವಾಯಿತು. ಆಗ ಅಲ್ಲಿನ ಗಣಕ ವಿಜ್ಞಾನ ವಿಭಾಗಗಳ ಮುಖ್ಯಸ್ಥರಾಗಿದ್ದವರು ನಮ್ಮ ನೆರೆಯ ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆಯಲ್ಲಿ ಜನಿಸಿದ ರಾಜ್ ರೆಡ್ಡಿಯವರು ಎಂಬುದನ್ನು ಇಲ್ಲಿ ಅಭಿಮಾನದಿಂದ ನೆನೆಯಬಹುದು. ಮನುಷ್ಯನ ಮಾತನ್ನು ಯಂತ್ರಕ್ಕೆ ಅರ್ಥಮಾಡಿಸುವ ವಿದ್ಯೆಯಲ್ಲಿ ಅವರು ಅಗ್ರಗಣ್ಯರು; ಗಣಕ ವಿಜ್ಞಾನದ ಪರಮೋಚ್ಚ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯು ಅದೇ 1994ರ ಸಾಲಿನಲ್ಲಿ ಅವರಿಗೆ ಸಂದಿತು.

ಇನ್ಫರ್ಮೀಡಿಯದ ವೈಶಿಷ್ಟ್ಯವೆಂದರೆ ಅದು ಕಣ್ಣೊಂದನ್ನೇ ನೆಚ್ಚಿಕೊಳ್ಳಲಿಲ್ಲ. ವಿಡಿಯೊದಲ್ಲಿ ಆಡಿದ ಮಾತನ್ನು ಯಂತ್ರವೇ ಕೇಳಿ ಬರಹಕ್ಕಿಳಿಸುವುದು, ತೆರೆಯ ಮೇಲೆ ಮೂಡುವ ಅಕ್ಷರಗಳನ್ನು ಓದುವುದು, ಮುಖಗಳನ್ನು ಪತ್ತೆಹಚ್ಚುವುದು, ಇವೆಲ್ಲವನ್ನೂ ಕಾಲದ ಒಂದೇ ದಾರದಲ್ಲಿ ಪೋಣಿಸಿ ಹುಡುಕಾಟಕ್ಕೆ ಒದಗಿಸಲಾಯಿತು. ಅಲ್ಲಿ ನಡೆದ ಒಂದು ಪ್ರಯೋಗ ವಿಶೇಷವಾಗಿ ಮನಸೆಳೆಯುತ್ತದೆ. ಜಪಾನಿನ ಶಿನ್‌ಇಚಿ ಸಾತೊ ಮತ್ತು ತಕೆಒ ಕನಾಡೆಯವರು 1997ರಲ್ಲಿ ವಾರ್ತಾ ವಿಡಿಯೊಗಳಲ್ಲಿನ ಮುಖಗಳಿಗೆ ಯಂತ್ರವೇ ಹೆಸರಿಡುವಂತೆ ಮಾಡಿದರು. ಯಂತ್ರಕ್ಕೆ ಯಾರ ಪರಿಚಯವೂ ಇಲ್ಲ. ಆದರೆ ಒಂದು ಮುಖ ಕಾಣಿಸಿಕೊಂಡಾಗಲೆಲ್ಲ ಒಂದೇ ಹೆಸರು ಮತ್ತೆ ಮತ್ತೆ ಕೇಳಿಬರುತ್ತಿದ್ದರೆ ಆ ಮುಖಕ್ಕೂ ಆ ಹೆಸರಿಗೂ ನಂಟಿದೆಯೆಂದು ಅದು ಊಹಿಸಬಲ್ಲದು. ಮದುವೆಯಾಗಿ ಹೊಸದಾಗಿ ಬಂದ ಸೊಸೆ ಅತ್ತೆಮನೆಯ ಬಂಧುಗಳ ಹೆಸರುಗಳನ್ನು ಯಾರನ್ನೂ ಕೇಳದೆ ಕಲಿಯುವುದೂ ಹೀಗೆಯೇ ಅಲ್ಲವೇ?

ಈ ಉಪಾಯಕ್ಕೂ ಒಂದು ತೊಡಕಿತ್ತು. ವಾರ್ತಾವಾಚಕರು ಒಬ್ಬ ನಾಯಕರ ಹೆಸರನ್ನು ಉಚ್ಚರಿಸುವ ಕ್ಷಣದಲ್ಲಿ ತೆರೆಯ ಮೇಲಿರುವುದು ವಾಚಕರ ಮುಖವೇ. ನಾಯಕರು ಕಾಣಿಸುವುದು ಕೆಲವು ಸೆಕೆಂಡುಗಳ ಬಳಿಕ. ಹೆಸರು ಕೇಳಿದ ಜಾಗವನ್ನೇ ತೋರಿಸುವ ಯಂತ್ರವು ಎಲ್ಲರನ್ನು ಹುಡುಕಿದರೂ ವಾರ್ತಾವಾಚಕರನ್ನೇ ತಂದು ನಿಲ್ಲಿಸುತ್ತಿತ್ತು. ಆಮೇಲೆ ಹೆಸರಿನ ಹಿಂದುಮುಂದಿನ ಶಾಟ್‌ಗಳನ್ನೂ ನೋಡುವಂತೆ, ವಾಚಕರ ಮುಖವನ್ನು ಬದಿಗಿರಿಸುವಂತೆ ಅದನ್ನು ತಿದ್ದಬೇಕಾಯಿತು.

ಹೀಗೆ ಒಬ್ಬೊಬ್ಬರು ಒಂದೊಂದು ವಿಧಾನ ಹಿಡಿದು ತಮ್ಮದೇ ಶ್ರೇಷ್ಠವೆನ್ನುತ್ತಿದ್ದಾಗ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡುವವರು ಬೇಕಾಗಿದ್ದರು. ಅಮೆರಿಕ ಸರ್ಕಾರದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2001ರಲ್ಲಿ ಆ ಕೆಲಸಕ್ಕೆ ಕೈಹಾಕಿತು. 2003ರಿಂದ ಅದು ಟ್ರೆಕ್‌ವಿಡ್ ಎಂಬ ಸ್ವತಂತ್ರ ವಾರ್ಷಿಕ ಪರೀಕ್ಷೆಯಾಯಿತು. ಆ ವರ್ಷ 1998ರ ಎಬಿಸಿ ಮತ್ತು ಸಿಎನ್‌ಎನ್ ವಾರ್ತೆಗಳೇ ಬಹುಪಾಲಾಗಿದ್ದ ನೂರಕ್ಕೂ ಹೆಚ್ಚು ಗಂಟೆಗಳ ವಿಡಿಯೊವನ್ನು ಬೇರೆ ಬೇರೆ ದೇಶಗಳ ತಂಡಗಳಿಗೆ ಕೊಟ್ಟು, ಯಾಸರ್ ಅರಾಫತ್ ಇರುವ ಶಾಟ್‌ಗಳು, ಮೇಲಕ್ಕೇರುವ ರಾಕೆಟ್, ಹಿಮಾಚ್ಛಾದಿತ ಶಿಖರಗಳು, ಒಂದು ಬಟ್ಟಲು ಕಾಫಿ ಮುಂತಾದವನ್ನು ಹುಡುಕಲು ಹೇಳಲಾಯಿತು. ಕೇಳಲು ಕಾಫಿಯ ಬಟ್ಟಲೇ ಸುಲಭವೆನಿಸುತ್ತದೆ. ವಾಸ್ತವದಲ್ಲಿ ಅಂಥದ್ದೇ ಕಷ್ಟ. ಅರಾಫತ್ ಬಂದಾಗ ಯಾರಾದರೂ ಅವರ ಹೆಸರು ಹೇಳುತ್ತಾರೆ. ಮೇಜಿನ ಮೇಲೆ ಕಾಫಿ ಇದೆಯೆಂದು ವಾರ್ತೆಯಲ್ಲಿ ಯಾರು ಹೇಳುತ್ತಾರೆ?

ಆ ವರ್ಷಗಳ ಪರೀಕ್ಷೆಗಳಿಂದ ಹೊರಟ ನಿರ್ಣಯವು ಚಿತ್ರವಿಜ್ಞಾನಿಗಳಿಗೆ ಅಷ್ಟೇನೂ ಪ್ರಿಯವಾಗಿರಲಿಕ್ಕಿಲ್ಲ. ವಾರ್ತಾ ವಿಡಿಯೊಗಳಲ್ಲಿ, ಅದರಲ್ಲಿಯೂ ವ್ಯಕ್ತಿಗಳನ್ನು ಹೆಸರಿನಿಂದ ಹುಡುಕುವಲ್ಲಿ, ಅತ್ಯಂತ ಹೆಚ್ಚು ನೆರವಾದದ್ದು ಬಣ್ಣವಲ್ಲ, ಆಕಾರವಲ್ಲ, ಆಡಿದ ಮಾತು.

ಒಂದೇ ಮುಖ, ಎರಡು ಗಂಟೆಗಳ ಮಾತು

ಮಾತಿನ ಮಹತ್ವವನ್ನು ಕಾಣಲು ಇನ್ನೊಂದು ಭಂಡಾರವನ್ನು ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಿಟ್ಲರನ ಆಡಳಿತವು ನಡೆಸಿದ ಯೆಹೂದಿಗಳ ನರಮೇಧದಿಂದ ಬದುಕುಳಿದವರ ನೆನಪುಗಳನ್ನು ದಾಖಲಿಸಲು ಚಲನಚಿತ್ರ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ 1994ರಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಮೊದಲ ಕೆಲವು ವರ್ಷಗಳಲ್ಲಿಯೇ ಅದರ ಸ್ವಯಂಸೇವಕರು 56 ದೇಶಗಳಲ್ಲಿ, 32 ಭಾಷೆಗಳಲ್ಲಿ ಸುಮಾರು 52,000 ಜನರ ಮಾತುಗಳನ್ನು ವಿಡಿಯೊದಲ್ಲಿ ಹಿಡಿದಿಟ್ಟರು. ಒಟ್ಟು ಅವಧಿ ಒಂದು ಲಕ್ಷ ಗಂಟೆಗಳನ್ನು ಮೀರುತ್ತದೆ. ಒಬ್ಬರು ಬಿಡುವಿಲ್ಲದೆ ಹಗಲಿರುಳು ನೋಡಿದರೂ ಹನ್ನೊಂದು ವರ್ಷಗಳಿಗೂ ಹೆಚ್ಚು ಕಾಲ ಬೇಕು.

ಇಲ್ಲಿ ಯಂತ್ರದ ಕಣ್ಣಿಗೆ ಏನು ಕಾಣುತ್ತದೆ? ಮನೆಯ ಕುರ್ಚಿಯಲ್ಲಿ ಕುಳಿತ ಒಬ್ಬ ವೃದ್ಧೆ. ಎರಡು ಗಂಟೆಗಳ ಕಾಲ ಅದೇ ಮುಖ, ಅದೇ ಕುರ್ಚಿ, ಅದೇ ದೀಪ. ತಾಯಿಯನ್ನು ಕೊನೆಯ ಬಾರಿಗೆ ಕಂಡ ರೈಲುನಿಲ್ದಾಣದ ಮಾತು ಬಂದಾಗಲೂ, ಬಾಲ್ಯದ ಬೀದಿಯ ಮಾತು ಬಂದಾಗಲೂ ಚಿತ್ರದಲ್ಲಿ ಬಣ್ಣ ಬದಲಾಗುವುದಿಲ್ಲ, ಶಾಟ್ ಕತ್ತರಿಸುವುದಿಲ್ಲ. ಆದ್ದರಿಂದ ಆ ಪ್ರತಿಷ್ಠಾನವು ಹಳೆಯ ಗ್ರಂಥಪಾಲಕರ ದಾರಿಯನ್ನೇ ಹಿಡಿಯಿತು. ಭಾಷೆ ಬಲ್ಲವರು ಕುಳಿತು ಕೇಳಿ, ಬಹುಪಾಲು ಸಂದರ್ಶನಗಳಿಗೆ ನಿಮಿಷ ನಿಮಿಷಕ್ಕೂ ಊರು, ವ್ಯಕ್ತಿ, ಅನುಭವಗಳ ಸೂಚಿಪದಗಳನ್ನು ಜೋಡಿಸಿದರು. ತನ್ನ ಅಜ್ಜನ ಊರಿನ ಹೆಸರನ್ನು ಕೊಟ್ಟು ಆ ಊರಿನ ಬಗ್ಗೆ ಮಾತನಾಡಿದವರೆಲ್ಲರ ನಿಮಿಷಗಳನ್ನು ಒಬ್ಬ ಮೊಮ್ಮಗ ಇಂದು ತೆರೆದು ನೋಡಬಹುದಾಗಿದ್ದರೆ ಅದು ಆ ಕೇಳಿದವರ ಶ್ರಮದ ಫಲ.

ಈ ಶ್ರಮವನ್ನು ಯಂತ್ರಕ್ಕೆ ವಹಿಸಲು 2001ರಲ್ಲಿ ಮಲಾಖ್ ಎಂಬ ಸಂಶೋಧನಾ ಯೋಜನೆ ಆರಂಭವಾಯಿತು. ಸ್ಟುಡಿಯೊದ ವಾಚಕರ ಸ್ಫುಟವಾದ ಮಾತನ್ನು ಬರಹಕ್ಕಿಳಿಸುತ್ತಿದ್ದ ಯಂತ್ರಗಳು ಇಲ್ಲಿ ತಡವರಿಸಿದವು. ಇಳಿವಯಸ್ಸಿನ ದನಿ, ಪರಭಾಷೆಯ ಉಚ್ಚಾರ, ಮಾತಿನ ನಡುವೆ ಬರುವ ಅಳು, ಭೂಪಟದಿಂದಲೇ ಅಳಿಸಿಹೋದ ಹಳ್ಳಿಗಳ ಹೆಸರು, ಇವು ಅವುಗಳಿಗೆ ಹೊಸವು. ಅಂದಿಗಿಂತ ಇಂದಿನ ಯಂತ್ರಗಳು ಬಹಳ ಸುಧಾರಿಸಿವೆಯಾದರೂ, ಹೆಸರುಗಳ ವಿಷಯದಲ್ಲಿ ಅವು ಇನ್ನೂ ಎಡವುವುದನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು.

ಕಣ್ಣು ತೆರೆದ ಬಗೆ

ಇತ್ತ ಕಣ್ಣಿನ ವಿದ್ಯೆಯೇನೂ ನಿಂತಿರಲಿಲ್ಲ. 2003ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಯೋಸೆಫ್ ಸಿವಿಕ್ ಮತ್ತು ಆಂಡ್ರೂ ಜಿಸರ್ಮನ್ ಅವರು ಪುಸ್ತಕದ ಸೂಚಿಯ ಉಪಾಯವನ್ನೇ ಚಿತ್ರಕ್ಕೆ ಅನ್ವಯಿಸಿದರು. ಚಿತ್ರವೊಂದರ ನೂರಾರು ಸಣ್ಣ ಸಣ್ಣ ತುಣುಕುಗಳನ್ನು ಆರಿಸಿ, ಒಂದನ್ನೊಂದು ಹೋಲುವ ತುಣುಕುಗಳಿಗೆ ಒಂದೇ ಸಂಖ್ಯೆ ಕೊಟ್ಟರು. ಈಗ ಆ ಸಂಖ್ಯೆಗಳೇ ‘ದೃಶ್ಯಪದ’ಗಳು, ಯಾವ ಪದ ಯಾವ ಚಿತ್ರದಲ್ಲಿದೆ ಎಂಬ ಪಟ್ಟಿಯೇ ಸೂಚಿ. ಸೂಚಿಯಲ್ಲಿ ‘ಮತ್ತು’, ‘ಆದರೆ’ ಎಂಬ ಪದಗಳನ್ನು ಯಾರೂ ಸೇರಿಸುವುದಿಲ್ಲವಷ್ಟೆ? ಅವರೂ ಹಾಗೆಯೇ ಎಲ್ಲೆಡೆ ಕಾಣುವ ತುಣುಕುಗಳನ್ನು ಕೈಬಿಟ್ಟರು. ಗ್ರೌಂಡ್‌ಹಾಗ್ ಡೇ ಎಂಬ ಇಂಗ್ಲಿಷ್ ಚಲನಚಿತ್ರದ ಒಂದು ಚಿತ್ರದಲ್ಲಿ ಗಡಿಯಾರದ ಸುತ್ತಲೋ ನಟನ ಟೈಯ ಸುತ್ತಲೋ ಗೆರೆ ಎಳೆದರೆ ಆ ವಸ್ತುವು ಚಲನಚಿತ್ರದಲ್ಲಿ ಕಾಣಿಸಿಕೊಳ್ಳುವ ಕಡೆಗಳನ್ನು ಯಂತ್ರವು ಕ್ಷಣಾರ್ಧದಲ್ಲಿ ಮುಂದಿಡುತ್ತಿತ್ತು. ಹೆಸರಿಲ್ಲದೆ ಹುಡುಕುವ ಆಸೆ ಇಲ್ಲಿ ನಿಜಕ್ಕೂ ಕೈಗೂಡಿತೆನ್ನಬೇಕು. ಆದರೆ ಅದು ಹುಡುಕುತ್ತಿದ್ದುದು ಅದೇ ಗಡಿಯಾರವನ್ನು, ಅದೇ ಟೈಯನ್ನು. ‘ಯಾವುದಾದರೊಂದು ಗಡಿಯಾರ’ ಎಂದರೆ ಅದಕ್ಕೆ ತಿಳಿಯುತ್ತಿರಲಿಲ್ಲ.

ಆ ತಿಳಿವಳಿಕೆಗೆ ಲೆಕ್ಕವಿಲ್ಲದಷ್ಟು ಉದಾಹರಣೆಗಳು ಬೇಕಾದವು. ಫೆಯ್-ಫೆಯ್ ಲಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಇಮೇಜ್‌ನೆಟ್ ಎಂಬ ಹೆಸರಿಟ್ಟ ಚಿತ್ರಗಳ ಸಂಗ್ರಹವು ಅದನ್ನು ಒದಗಿಸಿತು. 2012ರಲ್ಲಿ ಆ ಸಂಗ್ರಹದ ಮೇಲೆ ನಡೆದ ಸ್ಪರ್ಧೆಯಲ್ಲಿ ಟೊರಾಂಟೊದ ಜೆಫ್ರಿ ಹಿಂಟನ್ ಮತ್ತು ಅವರ ಇಬ್ಬರು ಶಿಷ್ಯರ ತಂಡವು ಮೆದುಳಿನ ನರಜಾಲದ ರಚನೆಯಿಂದ ಪ್ರೇರಿತವಾದ ಗಣಿತದಿಂದ ತಪ್ಪಿನ ಪ್ರಮಾಣವನ್ನು ಶೇಕಡಾ 15.3ಕ್ಕೆ ಇಳಿಸಿತು, ಎರಡನೆಯ ಸ್ಥಾನದ ತಂಡದ ತಪ್ಪು ಶೇಕಡಾ 26.2 ಇತ್ತು. ಹಿಂಟನ್ ಅವರಿಗೆ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. 2021ರಲ್ಲಿ ಓಪನ್ ಎಐ ಸಂಸ್ಥೆಯು ಅಂತರಜಾಲದಿಂದ ಸಂಗ್ರಹಿಸಿದ 40 ಕೋಟಿ ಚಿತ್ರ–ವಿವರಣೆಗಳ ಜೋಡಿಗಳಿಂದ ಕಲಿಸಿದ ಕ್ಲಿಪ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ‘ಮಳೆಯಲ್ಲಿ ಕೊಡೆ ಹಿಡಿದು ನಡೆಯುವ ಹುಡುಗ’ ಎಂದು ಇಂಗ್ಲಿಷಿನ ವಾಕ್ಯವೊಂದನ್ನು ಬರೆದರೆ ಸಾಕು, ಅಂಥ ಚಿತ್ರವನ್ನು ಹುಡುಕಬಹುದಾಯಿತು. ಕಾಫಿಯ ಬಟ್ಟಲು ಕೊನೆಗೂ ಸಿಕ್ಕಿತು!

ಸಿಕ್ಕಿತಾದರೂ ಆ ಯಂತ್ರವು ಏನನ್ನು ನೋಡುತ್ತಿದೆ ಎಂಬ ಪ್ರಶ್ನೆ ಉಳಿದೇ ಇದೆ. ಅದನ್ನು ರೂಪಿಸಿದವರೇ ನಡೆಸಿದ ಒಂದು ಪರೀಕ್ಷೆಯಲ್ಲಿ ಹಸಿರು ಸೇಬಿನ ಮೇಲೆ ಐಪಾಡ್ ಎಂದು ಕೈಯಲ್ಲಿ ಬರೆದ ಚೀಟಿ ಅಂಟಿಸಿದಾಗ ಯಂತ್ರವು ಸೇಬನ್ನು ಐಪಾಡ್ ಎಂದೇ ನಿರ್ಣಯಿಸಿತು. ಅದು ಕಲಿತದ್ದು ವಸ್ತುವಿನ ಪಕ್ಕದಲ್ಲಿ ಜನರು ಬರೆದ ಮಾತಿನಿಂದ. ಯಾರೂ ಬರೆಯದಿದ್ದದ್ದನ್ನು ಅದು ಕಲಿಯಲಾರದು. ನಮ್ಮ ಉಡಿ ತುಂಬುವ ದೃಶ್ಯವನ್ನು ಇಂಥ ಯಂತ್ರಕ್ಕೆ ತೋರಿಸಿದರೆ ಸೀರೆಯುಟ್ಟ ಇಬ್ಬರು ಮಹಿಳೆಯರೆಂದೋ, ತೆಂಗಿನಕಾಯಿ ಇದೆಯೆಂದೋ ಅದು ಹೇಳಬಹುದು. ಒಬ್ಬರು ಅಜ್ಜಿ, ಇನ್ನೊಬ್ಬಳು ಮೊಮ್ಮಗಳು, ಇಂದು ಆಕೆ ತವರಿನಿಂದ ಹೊರಡುತ್ತಿದ್ದಾಳೆ ಎಂಬುದು ಚಿತ್ರದ ಒಳಗೆ ಇಲ್ಲ. ಅದು ಬಲ್ಲವರ ಮನಸ್ಸಿನಲ್ಲಿದೆ.

ಮುಖಗಳ ವಿಷಯದಲ್ಲಿ ಇನ್ನೂ ಒಂದು ಮಾತು. ಇಂದು ಕೆಲವು ಮದುವೆ ಛಾಯಾಗ್ರಾಹಕರು ಅತಿಥಿಗಳು ತಮ್ಮ ಮುಖದ ಚಿತ್ರವನ್ನು ಕಳುಹಿಸಿದರೆ ಅವರಿರುವ ಚಿತ್ರಗಳನ್ನೆಲ್ಲ ಆರಿಸಿಕೊಡುತ್ತಾರೆ. ಅನುಕೂಲವೇನೋ ಸರಿಯೇ. ಆದರೆ ಯಂತ್ರದ ಕಣ್ಣು ಎಲ್ಲ ಮುಖಗಳನ್ನೂ ಸಮನಾಗಿ ನೋಡುವುದಿಲ್ಲ. ಜಾಯ್ ಬುಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖ ನೋಡಿ ಹೆಣ್ಣೋ ಗಂಡೋ ಎಂದು ಹೇಳುವ ವಾಣಿಜ್ಯ ಸೇವೆಗಳು ಬಿಳಿಯ ಮೈಬಣ್ಣದ ಪುರುಷರಲ್ಲಿ ಹೆಚ್ಚೆಂದರೆ ಶೇಕಡಾ 0.8ರಷ್ಟು ತಪ್ಪಿದ್ದರೆ, ಕಪ್ಪು ಮೈಬಣ್ಣದ ಮಹಿಳೆಯರಲ್ಲಿ ಶೇಕಡಾ 34.7ರವರೆಗೂ ತಪ್ಪಿದ್ದವು. ಅದಲ್ಲದೆ ಮುಖದಿಂದ ಹುಡುಕುವ ವ್ಯವಸ್ಥೆಯಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳ, ಮಕ್ಕಳ ಮುಖಗಳು ಯಾರ ಬಳಿ, ಎಷ್ಟು ಕಾಲ ಉಳಿಯುತ್ತವೆ ಎಂದು ಕೇಳುವುದು ಯಜಮಾನರ ಕರ್ತವ್ಯವೆಂದೇ ನಮ್ಮ ಅಭಿಪ್ರಾಯ. ಕೇಳಿದರೆ ಯಾರೂ ಮುನಿಯಬೇಕಾಗಿಲ್ಲ.

ಮನೆಯ ಕಪಾಟಿನ ಕ್ಯಾಸೆಟ್ಟುಗಳು

ಎಂಬತ್ತು ಮತ್ತು ತೊಂಬತ್ತರ ದಶಕಗಳ ಮದುವೆ, ಗೃಹಪ್ರವೇಶ, ಜಾತ್ರೆಗಳ ವಿಎಚ್‌ಎಸ್ ಕ್ಯಾಸೆಟ್ಟುಗಳು ಅನೇಕ ಮನೆಗಳಲ್ಲಿ ಇಂದಿಗೂ ಇವೆ. ಅವುಗಳನ್ನು ನೋಡುವ ಯಂತ್ರವನ್ನು ತಯಾರಿಸುತ್ತಿದ್ದ ಕೊನೆಯ ಕಂಪನಿಯೆನಿಸಿದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಟೇಪಿನ ಮೇಲಿನ ಕಾಂತೀಯ ಲೇಪವೂ ತೇವಕ್ಕೆ, ಬೂಷ್ಟಿಗೆ, ಕಾಲಕ್ಕೆ ಕೆಡುತ್ತದೆ. ಆದ್ದರಿಂದ ಡಿಜಿಟಲ್ ರೂಪಕ್ಕೆ ಇಳಿಸುವ ಕೆಲಸವನ್ನು ಮುಂದೂಡಬಾರದು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮನೆಯಲ್ಲಿ ಹಾಕಿ ನೋಡದೆ, ಸ್ವಚ್ಛಗೊಳಿಸಬಲ್ಲವರಿಗೆ ಒಪ್ಪಿಸಬೇಕು. ಪ್ರತಿಗಳು ಎರಡಿರಲಿ, ಎರಡೂ ಒಂದೇ ಮನೆಯಲ್ಲಿ ಬೇಡ.

ಇಳಿಸಿದ ಮೇಲೆ ಮಾಡಬೇಕಾದ ಕೆಲಸವೇ ಮುಖ್ಯವಾದದ್ದು. ಮುಖಗಳನ್ನು ಗುಂಪುಗೂಡಿಸುವುದನ್ನೂ ದೃಶ್ಯಗಳನ್ನು ವಿಂಗಡಿಸುವುದನ್ನೂ ಮುಂದೆ ಯಾವ ಯಂತ್ರವಾದರೂ ಮಾಡೀತು. ಗುಂಪಿಗೆ ಇಡುವ ಹೆಸರನ್ನು ಮಾತ್ರ ಯಾರಾದರೂ ಕೊಡಲೇಬೇಕು. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಡಿಯೊ ಓಡಿಸಿ, ಅವರು ಆಡುವ ಮಾತನ್ನು ಕೈಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು. ಒಂದೇ ಬಾರಿಗೆ ಮುಗಿಸುವ ಆತುರ ಬೇಡ. ದಿನಕ್ಕೆ ಅರ್ಧ ಗಂಟೆ ಸಾಕು. ನಡುವೆ ಅವರು ಬೇರೆಯೇ ಕಥೆ ಹೇಳತೊಡಗಿದರೆ ವಿಡಿಯೊವನ್ನು ನಿಲ್ಲಿಸಬೇಕೇ ಹೊರತು ಅವರನ್ನಲ್ಲ. ಬಳಿಕ ಕಿರಿಯರು ಯಾರಾದರೂ ಅದನ್ನು ಪಟ್ಟಿಯಾಗಿ ಬರೆಯಲಿ: ‘42ನೆಯ ನಿಮಿಷ – ಉಡಿ ತುಂಬುವುದು, ಎಡಗಡೆ ನಿಂತವರು ಹಾನಗಲ್ಲಿನ ಸೋದರತ್ತೆ, ಹಿಂದೆ ಕಾಣುವುದು ಹಳೆಯ ಮನೆಯ ಪಡಸಾಲೆ.’ ಸಂಬಂಧದ ಜೊತೆಗೆ ವ್ಯಕ್ತಿಯ ಪೂರ್ಣ ಹೆಸರನ್ನೂ ಊರನ್ನೂ ಬರೆಯುವುದು ಅವಶ್ಯ. ಇಂದಿನ ಸೋದರತ್ತೆ ಮುಂದಿನ ತಲೆಮಾರಿಗೆ ಯಾರ ಸೋದರತ್ತೆಯೆಂದು ತಿಳಿಯದು. ಈ ಪಟ್ಟಿಯನ್ನು ವಿಡಿಯೊ ಇರುವಲ್ಲಿಯೇ, ಅದೇ ಹೆಸರಿನಲ್ಲಿ, ಸಾಮಾನ್ಯ ಬರಹದ ಕಡತವಾಗಿ ಇಡಬೇಕು. ಕಾಗದದ ಮೇಲೆ ಬರೆದ ಒಂದು ಪ್ರತಿಯನ್ನು ಮಡಿಸಿ ಹಳೆಯ ಕ್ಯಾಸೆಟ್ಟಿನ ಡಬ್ಬಿಯೊಳಗೂ ಇಟ್ಟರೆ ಒಳ್ಳೆಯದು.